ಅತಿಥಿ ಜಾಲದ ಕರೆಗಂಟೆ

ಉಸಿರು ನಿಂತ ಮೇಲೂ ಮುದುಕಿಯ ಹೆಬ್ಬೆರಳು ಗುಂಡಿಯನ್ನು ಬಿಟ್ಟಿರಲಿಲ್ಲ.

ಕೋಣೆಯೊಳಗೆ ಕಾಲಿಟ್ಟ ಇನ್‌ಸ್ಪೆಕ್ಟರಳ ಕಣ್ಣಿಗೆ ಮೊದಲು ಬಿದ್ದದ್ದು ಅದೇ. ಬೆಂಕಿಪೊಟ್ಟಣದಷ್ಟು ದೊಡ್ಡ ಬಿಳಿಯ ಪೆಟ್ಟಿಗೆ. ನಡುವೆ ಕೆಂಪು ಗುಂಡಿ. ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಹಸಿರು ದೀಪ. ಹಿಡಿದವಳು ಆರಿಹೋಗಿದ್ದಳು. ದೀಪ ಮಾತ್ರ ಉರಿಯುತ್ತಿತ್ತು.

ಮುದುಕಿಯ ಅರ್ಧ ದೇಹ ಮಂಚದ ಮೇಲೆ, ಅರ್ಧ ಕೆಳಗೆ. ಬಾಗಿಲ ಕಡೆಗೆ ಚಾಚಿದ ಇನ್ನೊಂದು ಕೈ. ಪೊಲೀಸ್ ವೈದ್ಯರು ಮೊಣಕಾಲೂರಿ ಕುಳಿತಿದ್ದರು.

"ಆಸ್ತಮಾ. ಉಸಿರು ಕಟ್ಟಿ ಹೋಗಿದ್ದಾರೆ," ಎಂದರು ಅವರು. "ಮಧ್ಯಾಹ್ನ ಆಗಿರೋದು. ಔಷಧಿ ಸೇದೋ ಪಂಪು ಕೈಗೆ ಸಿಕ್ಕಿದ್ದರೆ ಉಳೀತಿದ್ದರು."

"ಪಂಪು ಎಲ್ಲಿ?"

ಮಂಚದ ಕಾಲಿಗೆ ಒಂದು ದಾರ ಕಟ್ಟಿತ್ತು. ದಾರದ ತುದಿಯಲ್ಲಿ ಕೊಕ್ಕೆ. ಕೊಕ್ಕೆ ಬರಿದು. ಹಿರಿಯ ಪೇದೆ ಇಡೀ ಕೋಣೆ ಜಾಲಾಡಿ, ಕಡೆಗೆ ಬಚ್ಚಲಿನ ಎತ್ತರದ ಹಲಗೆಯ ಮೇಲಿಂದ ಪಂಪನ್ನು ತಂದ.

"ವಯಸ್ಸಾದವರು ಮೇಡಂ. ಮುಖ ತೊಳೆಯೋಕೆ ಹೋದಾಗ ಮರೆತು ಇಟ್ಟಿರ್ತಾರೆ. ನಮ್ಮಜ್ಜ ಹಲ್ಲಿನ ಸೆಟ್ಟನ್ನ ಸಕ್ಕರೆ ಡಬ್ಬಿಯಲ್ಲಿ ಇಡ್ತಿದ್ದರು."

ಇನ್‌ಸ್ಪೆಕ್ಟರ್ ಮೂಗರಳಿಸಿದಳು. ಜಿರಳೆಗೆ ಹೊಡೆಯುವ ಔಷಧಿಯ ವಾಸನೆ, ತೀರಾ ತೆಳ್ಳಗೆ. ಸೆಖೆ ಬೇರೆ. ಆದರೂ ಕಿಟಕಿಗೆ ಚಿಲಕ ಬಿದ್ದಿತ್ತು.

ಬಾಗಿಲಲ್ಲಿ ಇಬ್ಬರು ನಿಂತಿದ್ದರು. ಒಬ್ಬ ಮಗ. ಬಸ್ ಡಿಪೋದಲ್ಲಿ ಬಸ್ಸುಗಳ ಹೊತ್ತು ನೋಡಿಕೊಳ್ಳುವ ಕಂಟ್ರೋಲರ್, ಸಮವಸ್ತ್ರವನ್ನೂ ಬಿಚ್ಚಿರಲಿಲ್ಲ. ಇನ್ನೊಬ್ಬಳು ಅವನ ಹೆಂಡತಿ, ಈ ಮನೆಯ ಸೊಸೆ. ಮುಂದಿನ ಕೋಣೆಯಲ್ಲಿ ಕನ್ನಡಕದ ಗಾಜು ಉಜ್ಜುವುದು ಅವಳ ಕಸುಬು. ಮೇಲಂಗಿಯ ತುಂಬ ಗಾಜಿನ ಬಿಳಿ ಹುಡಿ. ಸಂಜೆ ಚಹಾ ಹಿಡಿದು ಬಂದು ಹೆಣವನ್ನು ಮೊದಲು ಕಂಡವಳು ಅವಳೇ.

"ಗಂಟೆ ಹೊಡೀಲಿಲ್ಲ," ಎಂದಳು ಸೊಸೆ. ಕೇಳದೆಯೇ ಹೇಳಿದಳು. "ನನ್ನ ಮೇಜಿನ ಮೇಲೇ ಇತ್ತು. ಕೈಗೆ ಎಟುಕೋ ದೂರ. ಹೊಡೀಲೇ ಇಲ್ಲ."

"ಯಾವ ಗಂಟೆ?"

"ಆ ಗುಂಡಿಯದು. ಒತ್ತಿದರೆ ನನ್ನ ಮೇಜಿನ ಮೇಲಿರೋ ಗಂಟೆ ಹೊಡೀಬೇಕು. ಸಾಣೆ ಯಂತ್ರ ಓಡ್ತಿದ್ದರೆ ಕೂಗಿದ್ದು ನನಗೆ ಕೇಳಲ್ಲ. ಅದಕ್ಕೇ ಇಟ್ಟಿದ್ದು."

ಮಗ ಗೋಡೆಗೆ ಒರಗಿದ. "ನಮ್ಮಮ್ಮ ಟೆಲಿಫೋನ್ ಎಕ್ಸ್‌ಚೇಂಜ್‌ನಲ್ಲಿ ಆಪರೇಟರ್ ಆಗಿದ್ದವರು ಮೇಡಂ. ಜೀವನಪೂರ್ತಿ ಯಾರ್ಯಾರದೋ ಕರೆ ಯಾರ್ಯಾರಿಗೋ ಜೋಡಿಸಿದರು. ಅವರ ಕರೆ…"

ಅವನು ಮುಖವನ್ನು ಗೋಡೆಯ ಕಡೆ ತಿರುಗಿಸಿದ.

ಮಹಡಿಯ ಮೆಟ್ಟಿಲಿಳಿದು ಒಬ್ಬ ಯುವಕ ಬಂದ. ಕೊರಳಲ್ಲಿ ಹೆಡ್‌ಸೆಟ್. ತಿದ್ದಿ ತೀಡಿದ ತಲೆಗೂದಲು. ಜೇನಿನಂಥ ದನಿ.

"ನನ್ನ ಸೋದರಮಾವನ ಮಗ," ಎಂದು ಮಗ ಪರಿಚಯಿಸಿದ. "ಮೇಲಿನ ಕೋಣೆಯಲ್ಲಿ ಇದ್ದಾನೆ. ಮನೆಯಿಂದಲೇ ಕೆಲಸ. ಯಾವುದೋ ಕಂಪನಿಯ ಗ್ರಾಹಕರ ಹತ್ತಿರ ಫೋನಲ್ಲಿ ಮಾತಾಡೋದು."

"ಮಧ್ಯಾಹ್ನ ಪೂರ್ತಿ ಕರೆಯಲ್ಲೇ ಇದ್ದೆ ಮೇಡಂ. ಏನೂ ಕೇಳಿಸಲಿಲ್ಲ." ಯುವಕ ಸೊಸೆಯ ಭುಜವನ್ನು ಮೆಲ್ಲನೆ ತಟ್ಟಿದ. "ಅಕ್ಕಾ, ಸಮಾಧಾನ ಮಾಡ್ಕೊಳ್ಳಿ. ದೊಡ್ಡವರಿಗೆ ವಯಸ್ಸಾಗಿತ್ತು. ಇದು ಯಾರ ತಪ್ಪೂ ಅಲ್ಲ."

* * *

ಗಾಜಿನ ಮೇಜಿನ ಮೇಲೆ ಗಂಟೆ ಸುಮ್ಮನೆ ಕುಳಿತಿತ್ತು. ಇನ್‌ಸ್ಪೆಕ್ಟರ್ ಒಳಗಿನಿಂದ ಗುಂಡಿ ಒತ್ತಿಸಿ ನೋಡಿದಳು. ಹಸಿರು ದೀಪ ಮಿನುಗಿತು. ಗಂಟೆ ಮಿಸುಕಲಿಲ್ಲ.

"ಬ್ಯಾಟರಿ ಇದೆ, ದೀಪ ಇದೆ. ಮತ್ತೇನು ರೋಗ ಇದಕ್ಕೆ?" ಹಿರಿಯ ಪೇದೆ ಗಂಟೆಯನ್ನು ತಲೆಕೆಳಗು ಮಾಡಿ ನೋಡಿದ.

ಸೊಸೆ ಗೋಡೆಯ ಮೇಲಿನ ವೈಫೈ ಪೆಟ್ಟಿಗೆಯತ್ತ ಕೈ ತೋರಿದಳು. "ಇವತ್ತು ಬೆಳಗ್ಗೆ ವೈಫೈ ಬದಲಾಯಿಸಿದೆ. ಮೊದಲು ಒಂದೇ ಪೆಟ್ಟಿಗೆ ಇತ್ತು, ಅಮ್ಮನ ಕೋಣೆಗೆ ಸರಿಯಾಗಿ ತಲುಪ್ತಿರಲಿಲ್ಲ. ಅದಕ್ಕೆ ಮೆಶ್ ತಂದೆ. ಮೂರು ಪೆಟ್ಟಿಗೆ, ಮೂರಕ್ಕೂ ಒಂದೇ ಹೆಸರು. ಒಂದರ ಕೈ ಇನ್ನೊಂದು ಹಿಡ್ಕೊಂಡು ಮನೆ ತುಂಬ ಹಬ್ಬುತ್ತೆ. ಒಂದು ಇಲ್ಲಿ, ಒಂದು ಮಹಡಿ ಹಾಲ್‌ನಲ್ಲಿ, ಒಂದು ಹಿಂದೆ ಅಮ್ಮನ ಬಾಗಿಲ ಹತ್ತಿರ."

"ಆಮೇಲೆ ಗುಂಡಿ ಒತ್ತಿ ನೋಡಿದಿರಾ?"

"ನೋಡಿದೆ. ಹೊಡೀತು. ಅಮ್ಮ ಒಳಗಿನಿಂದ, 'ಸಾಕು ಬಿಡೇ, ಕಿವಿ ತೂತಾಯ್ತು' ಅಂತ ನಕ್ಕರು."

ಇದ್ದಕ್ಕಿದ್ದಂತೆ ಮಗ ಮುಂದೆ ಬಂದ. ಮುಖ ಬಿಳಿಚಿತ್ತು. "ತಪ್ಪು ಇವಳದಲ್ಲ. ನಂದು. ಊಟಕ್ಕೆ ಬಂದವನು ಮಹಡಿ ಹಾಲ್‌ನಲ್ಲಿ ಸ್ವಲ್ಪ ಅಡ್ಡಾದೆ. ಆ ಪೆಟ್ಟಿಗೆ ದೀಪ ಕಣ್ಣಿಗೆ ಚುಚ್ಚುತ್ತೆ ಅಂತ ಸ್ವಿಚ್ ಆರಿಸಿದೆ. ಹಾಗೇ ಡ್ಯೂಟಿಗೆ ಹೋದೆ."

ಇನ್‌ಸ್ಪೆಕ್ಟರ್ ಮಹಡಿಗೆ ಹೋದಳು. ಪೆಟ್ಟಿಗೆ ನಿಜಕ್ಕೂ ಆರಿತ್ತು. ಹೊತ್ತಿಸಿದಳು. ಮೂರೂ ಪೆಟ್ಟಿಗೆಗಳಿಗೆ ಜೀವ ಬಂದ ಮೇಲೆ ಮತ್ತೆ ಗುಂಡಿ ಒತ್ತಿಸಿದಳು. ಗಂಟೆಯದು ಅದೇ ಮೌನ.

"ನಿಮ್ಮದಲ್ಲ," ಎಂದಳು. ಮಗ ಉಸಿರು ಬಿಟ್ಟ. ಹೊರೆ ಈಗ ಹೆಂಡತಿಯ ಕಡೆಗೆ ಹೊರಳಿತು.

"ಮೊಬೈಲಿನಲ್ಲಿ ಆ ರೂಟರ್, ಅಂದರೆ ವೈಫೈ ಪೆಟ್ಟಿಗೆಯ ಪಟ್ಟಿ ತೆಗೀರಿ. ಯಾವ ಸಾಮಾನು ಎಲ್ಲಿದೆ, ನೋಡೋಣ."

ಸೊಸೆ ಡ್ರಾಯರ್ ಎಳೆದು ಫೋನ್ ಕೈಗೆತ್ತಿಕೊಂಡಳು. ತೆರೆದಳು. ಒಂದು ಕ್ಷಣ ದಿಟ್ಟಿಸಿದಳು. ಫೋನ್ ಕೈಜಾರಿ ಮೇಜಿಗೆ ಬಡಿಯಿತು.

"ಅತಿಥಿ ಜಾಲದಲ್ಲಿ ಸೇರಿಬಿಟ್ಟಿದೆ… ಗುಂಡಿ ಅತಿಥಿ ಜಾಲದಲ್ಲಿದೆ."

"ಬಿಡಿಸಿ ಹೇಳಿ."

"ಮನೆಯವರಿಗೆ ಒಂದು ಜಾಲ, ಹೊರಗಿನವರಿಗೆ ಒಂದು. ಅತಿಥಿ ಜಾಲದಲ್ಲಿದ್ದರೆ ಇಂಟರ್ನೆಟ್ ಸಿಗುತ್ತೆ, ದೀಪ ಹಸಿರಾಗೇ ಇರುತ್ತೆ. ಆದರೆ ಮನೆಯೊಳಗಿನ ಬೇರೆ ಸಾಮಾನು ಅದಕ್ಕೆ ಕಾಣಲ್ಲ. ನೆಂಟರನ್ನ ಹೊರಗಿನ ಕೋಣೆಯಲ್ಲಿ ಕೂರಿಸಿ ನಡುಬಾಗಿಲು ಹಾಕಿದ ಹಾಗೆ. ಗಂಟೆ ಒಳಗಿದೆ. ಗುಂಡಿ ಹೊರಗಿದೆ. ಅಮ್ಮ ಎಷ್ಟು ಒತ್ತಿದರೂ…" ಅವಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. "ಬೆಳಗ್ಗೆ ಈ ತಮ್ಮ ಬಂದು, 'ಅಕ್ಕಾ, ಆಫೀಸಿನವರು ಬೇರೆ ಜಾಲ ಇರಬೇಕು ಅಂತಾರೆ, ಒಂದು ಮಾಡಿಕೊಡಿ' ಅಂದ. ಗಂಟೆ ನೋಡಿಯಾಗಿತ್ತು. ಮತ್ತೆ ಸೆಟ್ಟಿಂಗ್ ಒಳಗೆ ಹೋಗಿ ಅತಿಥಿ ಜಾಲ ಮಾಡಿದೆ. ಆಗಲೇ ಏನೋ ಕೈತಪ್ಪಿ ಒತ್ತಿದೀನಿ. ಆಮೇಲೆ ಇನ್ನೊಂದು ಸಲ ಗಂಟೆ ನೋಡಲಿಲ್ಲ. ನೋಡಲಿಲ್ಲ ನಾನು."

"ರೂಟರಿನ ಪಾಸ್‌ವರ್ಡ್ ಯಾರ್ಯಾರಿಗೆ ಗೊತ್ತು?"

"ನನಗೊಬ್ಬಳಿಗೇ."

ಹಿರಿಯ ಪೇದೆ ಫೋನನ್ನು ಎತ್ತಿಕೊಂಡು, ಇನ್‌ಸ್ಪೆಕ್ಟರಳ ಕಿವಿಯ ಬಳಿ ಬಗ್ಗಿದ. ಅತಿಥಿ ಜಾಲದ ಕೆಳಗೆ ಎರಡೇ ಸಾಮಾನು. ಒಂದು ಯುವಕನ ಮೊಬೈಲು. ಇನ್ನೊಂದರ ಮುಂದೆ ಇಂಗ್ಲಿಷ್ ಅಕ್ಷರದಲ್ಲಿ ಅಚ್ಚ ಕನ್ನಡದ ಒಂದು ಪದ: ಅತ್ತೆ.

"ನೋಡಿ ಮೇಡಂ," ಎಂದು ಪಿಸುಗುಟ್ಟಿದ. "ಅತ್ತೆ ಅಂತ ಸೊಸೆಯಲ್ಲದೆ ಇನ್ಯಾರು ಬರೀತಾರೆ? ಇದು ಕೊಲೆಯಲ್ಲ, ಕೈತಪ್ಪು."

ಇನ್‌ಸ್ಪೆಕ್ಟರ್ ಹೌದೆಂಬಂತೆ ತಲೆಯಾಡಿಸಿದಳು. ಬಾಯಿಬಿಟ್ಟು ಹೇಳುತ್ತಲೇ ವರದಿಯಲ್ಲಿ ಒಂದು ಪದ ಬರೆದಳು: ನಿರ್ಲಕ್ಷ್ಯ.

ಆ ಪದ ಮನೆಯೊಳಗೆ ಕೇಳಿಸಿತು. ಮಗ ಹೆಂಡತಿಯತ್ತ ತಿರುಗಿದ. ಅವನು ದನಿ ಎತ್ತರಿಸಿರಲಿಲ್ಲ. ಅದೇ ಹೆಚ್ಚು ಭಯ ಹುಟ್ಟಿಸುವಂತಿತ್ತು.

"ಒಂದು ಗುಂಡಿ ಒತ್ತಿ ನೋಡೋಕೆ ನಿನಗೆ ಪುರುಸೊತ್ತು ಇರಲಿಲ್ಲ. ಹೋಗು. ಸ್ವಲ್ಪ ದಿನ ನನ್ನ ಕಣ್ಣೆದುರು ಇರಬೇಡ."

ಅವಳು ಮೇಲಂಗಿ ಕಳಚಿ ಮೊಳೆಗೆ ನೇತುಹಾಕಿದಳು.

* * *

ಎರಡು ದಿನ ಕಳೆದ ಮೇಲೆ ಸೊಸೆ ಠಾಣೆಗೆ ಬಂದಳು. ತಂಗಿಯ ಮನೆಯಿಂದ ನಡೆದೇ ಬಂದಿದ್ದಳು. ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು.

"ನನ್ನನ್ನ ಒಳಗೆ ಹಾಕಿ," ಎಂದಳು.

ಹಿರಿಯ ಪೇದೆ ಕಕ್ಕಾಬಿಕ್ಕಿಯಾದ. "ಇಲ್ಲಿಗೆ ಬರೋರೆಲ್ಲ ಬಿಟ್ಟುಬಿಡಿ ಅಂತಾರಮ್ಮ. ನೀವೊಬ್ಬರು ಹೊಸಬರು. ಕೂತ್ಕೊಳ್ಳಿ, ಕಾಫಿ ಕುಡೀರಿ."

"ಬೇಡ. ನಿರ್ಲಕ್ಷ್ಯ ಅಂತ ಬರೆದಿರಿ. ಅದು ಸಾಲದು. ನಾನು ಕೊಂದಿದ್ದು. ಹಾಗೇ ಬರೀರಿ."

ಇನ್‌ಸ್ಪೆಕ್ಟರ್ ಅವಳ ಎದುರಿಗೆ ಕುಳಿತಳು. ಆ ವರದಿಗೆ ಸಹಿ ಹಾಕಿದಾಗಿನಿಂದ ಅವಳ ಎದೆಯೊಳಗೂ ಒಂದು ಮುಳ್ಳು ಆಡುತ್ತಿತ್ತು. ಎಲ್ಲವೂ ಬೇಗ ಮುಗಿದಿತ್ತು, ತೀರಾ ಬೇಗ.

"ಕಿಟಕಿ ಯಾರು ಹಾಕಿದ್ದು?"

"ನಾನೇ ಇರಬೇಕು."

"ಇರಬೇಕೋ, ಹಾಕಿದಿರೋ?"

"ನೆನಪಿಲ್ಲ. ನಾನೇ ಇರಬೇಕು."

"ಪಂಪು ಬಚ್ಚಲಿಗೆ ಹೇಗೆ ಹೋಯ್ತು?"

"ಬೆಳಗ್ಗೆ ಗುಡಿಸುವಾಗ ನಾನೇ ಇಟ್ಟಿರಬಹುದು."

"ಜಿರಳೆ ಔಷಧಿ?"

ಸೊಸೆ ತಲೆಯೆತ್ತಿದಳು. "ಜಿರಳೆ ಔಷಧಿಯಾ? ಅದನ್ನ ನಮ್ಮನೆ ಹೊಸ್ತಿಲು ದಾಟಿಸಲ್ಲ ಮೇಡಂ. ಅದರ ಗಾಳಿ ಸೋಕಿದರೂ ಸಾಕು, ಅಮ್ಮನಿಗೆ ಉಸಿರು ಹಿಡಿಯುತ್ತೆ."

ಇನ್‌ಸ್ಪೆಕ್ಟರ್ ಕುರ್ಚಿಯಲ್ಲಿ ನೆಟ್ಟಗಾದಳು. ಈ ಹೆಂಗಸು ಕೇಳಿದ್ದನ್ನೆಲ್ಲ ತನ್ನ ತಲೆಗೆ ಕಟ್ಟಿಕೊಳ್ಳುತ್ತಿದ್ದಳು. ಕೇಳಿದರೆ ಮಳೆ ಬಂದದ್ದಕ್ಕೂ ತಾನೇ ಕಾರಣ ಎಂದಾಳು. ಅಂಥವಳು ಮೊದಲ ಬಾರಿಗೆ ಒಂದನ್ನು ನಿರಾಕರಿಸಿದ್ದಳು.

ಹೇಳಿಕೆ ಬರೆಯುತ್ತಿದ್ದ ಹಿರಿಯ ಪೇದೆ ಪೆನ್ನು ತಡೆದ. "ಒಂದು ನಿಮಿಷ. ಅಮ್ಮ ಅಮ್ಮ ಅಂತೀರಲ್ಲ, ನಿಮ್ಮ ತಾಯಿಯೋ, ಗಂಡನ ತಾಯಿಯೋ? ನನಗೆ ಕಲಸುಮೇಲೋಗರ ಆಗ್ತಿದೆ."

"ನನ್ನ ತಾಯಿ ನಾನು ಚಿಕ್ಕವಳಿದ್ದಾಗಲೇ ಹೋದರು. ನನಗಿದ್ದಿದ್ದು ಇವರೊಬ್ಬರೇ ಅಮ್ಮ."

"ಅಂದರೆ ಅತ್ತೆ."

"ಆ ಪದ ನನ್ನ ಬಾಯಲ್ಲಿ ಬಂದೇ ಇಲ್ಲ. ಮದುವೆಯಾದ ದಿನ ಅವರೇ ಅಂದಿದ್ದರು: 'ಅತ್ತೆ ಗಿತ್ತೆ ಅನ್ನಬೇಡ, ನನಗೆ ಬೆನ್ನುನೋವು ಬಂದ ಹಾಗಾಗುತ್ತೆ.'"

ಕಾಫಿಯ ಲೋಟ ಇನ್‌ಸ್ಪೆಕ್ಟರಳ ತುಟಿಯ ಬಳಿಯೇ ನಿಂತಿತು. ಅಂದು ಆ ಮನೆಯಲ್ಲಿ ಇವಳ ಬಾಯಿಂದ ಹೊರಟ ಮಾತೆಲ್ಲ ಕಿವಿಯಲ್ಲಿ ಮತ್ತೆ ಮೊಳಗಿತು. ಅಮ್ಮನ ಕೋಣೆ. ಅಮ್ಮನ ಬಾಗಿಲು. ಅಮ್ಮ ನಕ್ಕರು. ಕಿವಿಗೆ ಬಿದ್ದಿತ್ತು, ಅವಳು ಕೇಳಿಸಿಕೊಂಡಿರಲಿಲ್ಲ.

"ಗುಂಡಿ ಜೋಡಿಸುವಾಗ ಹೆಸರು ಕೊಡಬೇಕಾ?"

"ಹೂಂ. ಕೊಡದಿದ್ದರೆ ಮುಂದಕ್ಕೆ ಬಿಡಲ್ಲ."

"ನೀವು ಏನು ಕೊಟ್ಟಿರಿ?"

"ಅಮ್ಮ ಅಂತ."

"ರೂಟರಿನಲ್ಲಿ ಅತ್ತೆ ಅಂತ ಇದೆ. ಅವತ್ತು ನೀವು ಹೆಸರು ನೋಡಲಿಲ್ಲವಾ?"

ಸೊಸೆ ಮಿಕಿಮಿಕಿ ನೋಡಿದಳು. "ಎರಡೇ ಸಾಮಾನು ಇತ್ತು. ಒಂದರ ಮುಂದೆ ಗುಂಡಿಯ ಚಿತ್ರ. ಅಷ್ಟು ನೋಡಿದ್ದೇ ಕಣ್ಣು ಕತ್ತಲಾಯ್ತು."

"ಇನ್ನೊಂದು ಕೇಳ್ತೀನಿ. ಗುಂಡಿ ಒತ್ತಿದರೆ ಗಂಟೆ ಮಾತ್ರ ಹೊಡೆಯುತ್ತೋ, ಬೇರೇನಾದರೂ ಆಗುತ್ತೋ?"

"ಜೋಡಿಸಿದವರ ಫೋನಿಗೆ ಒಂದು ಸಂದೇಶವೂ ಹೋಗುತ್ತೆ. ಅದು ಇಂಟರ್ನೆಟ್ ಮೂಲಕ ಸುತ್ತಿ ಬರುತ್ತೆ. ಆದರೆ ನನ್ನ ಫೋನು ಗಾಜಿನ ಹುಡಿಗೆ ಹೆದರಿ ಯಾವಾಗಲೂ ಡ್ರಾಯರಿನಲ್ಲಿ…"

"ಈಗ ತೆಗೀರಿ. ಆ ಮಧ್ಯಾಹ್ನ ಸಂದೇಶ ಬಂದಿದೆಯಾ ನೋಡಿ."

ಸೊಸೆ ತೆರೆದಳು. ಹುಡುಕಿದಳು. ಹುಬ್ಬು ಗಂಟಾಯಿತು. "ಬೆಳಗ್ಗೆ ನಾನು ಒತ್ತಿ ನೋಡಿದ್ದು ಇದೆ. ಆಮೇಲೆ ಒಂದೂ ಇಲ್ಲ. 'ಅಮ್ಮ: ಸಂಪರ್ಕ ಕಡಿದಿದೆ' ಅಂತ ತೋರಿಸ್ತಿದೆ. ಹಾಗಂದರೆ… ಈ ಗುಂಡಿ ಈಗ ನನ್ನದಲ್ಲ. ಯಾರೋ ಹಿಂದಿನ ತೂತಿಗೆ ಪಿನ್ನು ಚುಚ್ಚಿ, ಮೊದಲಿಂದ ಜೋಡಿಸಿದ್ದಾರೆ."

"ಅದಕ್ಕೆ ರೂಟರಿನ ಪಾಸ್‌ವರ್ಡ್ ಬೇಕಾ?"

"ಬೇಡ…" ಅವಳ ದನಿ ಮೆಲ್ಲಗಾಯಿತು. ಕೈಬಿಟ್ಟಿದ್ದ ಬುದ್ಧಿ ಈಗ ತಾನಾಗಿ ಕೆಲಸ ಮಾಡತೊಡಗಿತ್ತು. "ರೂಟರಿನಲ್ಲಿ ಕೂತು ಒಂದು ಸಾಮಾನನ್ನ ಅತಿಥಿ ಜಾಲಕ್ಕೆ ತಳ್ಳೋಕೆ ದಾರಿನೇ ಇಲ್ಲ ಮೇಡಂ. ಸಾಮಾನೇ ಹೋಗಿ ಸೇರಬೇಕು. ಅದಕ್ಕೆ ಬೇಕಾಗೋದು ಅತಿಥಿ ಜಾಲದ ಪಾಸ್‌ವರ್ಡ್ ಮಾತ್ರ. ಇದು ನನಗೆ ಗೊತ್ತಿತ್ತು! ಗೊತ್ತಿದ್ದೂ ಯಾಕೆ ಹೊಳೀಲಿಲ್ಲ?"

"ತಪ್ಪು ನಿಮ್ಮದೇ ಅಂತ ಮೊದಲೇ ತೀರ್ಮಾನ ಮಾಡಿಬಿಟ್ಟಿರಿ. ಆಮೇಲೆ ಯಾರು ಹುಡುಕ್ತಾರೆ?" ಇನ್‌ಸ್ಪೆಕ್ಟರ್ ಟೋಪಿ ಎತ್ತಿಕೊಂಡಳು. "ನಾನೂ ಅದನ್ನೇ ಮಾಡಿದೆ. ಏಳಿ, ಹೋಗೋಣ."

* * *

ಹಿಂದಿನ ಕೋಣೆಯ ಮಂಚವನ್ನು ಗೋಡೆಗೆ ಒರಗಿಸಿದ್ದರು. ಮಗ ಕಿಟಕಿಯ ಬಳಿ ನಿಂತ, ಹೆಂಡತಿಯತ್ತ ನೋಡಲಿಲ್ಲ. ಯುವಕ ಹೆಡ್‌ಸೆಟ್ ಕಳಚಿ ಕೈಯಲ್ಲಿ ಹಿಡಿದು ಬಂದ. ಎಲ್ಲರಿಗೂ ಅವನೇ ಕುರ್ಚಿ ಎಳೆದು ಹಾಕಿದ.

"ಅಕ್ಕನನ್ನ ಬಿಟ್ಟುಬಿಡಿ ಮೇಡಂ," ಎಂದ. "ಬೇಕು ಅಂತ ಮಾಡಿದ್ದಲ್ಲವಲ್ಲ. ಪಾಪ, ಯಾರ ತಪ್ಪೂ ಅಲ್ಲ."

"ಈ ಮಾತು ಅವತ್ತೂ ಹೇಳಿದಿರಿ." ಇನ್‌ಸ್ಪೆಕ್ಟರ್ ಕುಳಿತಳು. "ಈ ಮನೆಯಲ್ಲಿ ಮೂರು ಜನ. ಒಬ್ಬರು, ಪೆಟ್ಟಿಗೆ ಆರಿಸಿದ್ದು ನಾನು, ತಪ್ಪು ನಂದು ಅಂದರು. ಇನ್ನೊಬ್ಬರು ಇವತ್ತಿಗೂ ಎಲ್ಲ ನಂದೇ ಅಂತಿದ್ದಾರೆ. ಕೆಳಗಡೆ ಒಂದು ಜೀವ ಒದ್ದಾಡುವಾಗ ನೀವೂ ಮಹಡಿಯಲ್ಲೇ ಇದ್ದಿರಿ. ಅಯ್ಯೋ, ಒಂದು ಸಲ ಇಳಿದು ನೋಡಬಾರದಿತ್ತೇ ಅಂತ ನಿಮಗೆ ಅನಿಸಲೇ ಇಲ್ಲವಲ್ಲ?"

"ಅನಿಸ್ತು. ಹೇಳಿಕೊಳ್ಳಲಿಲ್ಲ, ಅಷ್ಟೇ."

"ತೀರಿಕೊಂಡವರನ್ನ ನೀವು ಏನಂತ ಕರೀತಿದ್ದಿರಿ?"

ಯುವಕನ ರೆಪ್ಪೆ ಒಮ್ಮೆ ಬಡಿಯಿತು. "ನಾನಾ? ದೊಡ್ಡವರು ಅಂತ. ಗೌರವದಿಂದ."

ಕಿಟಕಿಯ ಬಳಿಯಿಂದ ಮಗ ಥಟ್ಟನೆ ತಿರುಗಿದ. "ಏನೋ ಹಾಗಂದರೆ? ದೊಡ್ಡವರು ಅಂತ ಯಾವತ್ತು ಕರೆದಿದ್ದೆ ನೀನು? ಮಾತು ಬಂದಾಗಿನಿಂದ ಅತ್ತೆ, ಅತ್ತೆ ಅಂತ ಸೆರಗು ಹಿಡ್ಕೊಂಡು ತಿರುಗಿದವನು!"

ಹಿರಿಯ ಪೇದೆ ತನ್ನ ಹಣೆಗೆ ತಾನೇ ಹೊಡೆದುಕೊಂಡ. ಅಣ್ಣನ ಮಗನಿಗೆ ಅಪ್ಪನ ತಂಗಿ ಅತ್ತೆಯೇ. ಗಂಡನ ತಾಯಿಯೂ ಅತ್ತೆಯೇ. ಒಂದೇ ಪದಕ್ಕೆ ಎರಡು ಬಾಗಿಲು. ಪೊಲೀಸರು ತಟ್ಟಿದ್ದು ಒಂದನ್ನು ಮಾತ್ರ.

"ಕರೆದಿರಬಹುದು," ಎಂದ ಯುವಕ. "ಅತ್ತೇನ ಅತ್ತೆ ಅನ್ನೋದು ಅಪರಾಧವಾ?"

"ಅಲ್ಲ. ನಿಮ್ಮ ಮೊಬೈಲನ್ನ ಈ ಸ್ಟೂಲಿನ ಮೇಲೆ ಇಡಿ. ಮುಖ ಮೇಲೆ ಮಾಡಿ."

"ಯಾಕೆ? ಆಫೀಸಿನ ವಿಷಯ ಇರುತ್ತೆ ಅದರಲ್ಲಿ."

"ಮುಟ್ಟಲ್ಲ. ಇಡಿ."

ಅವನು ಇಟ್ಟ. ಇನ್‌ಸ್ಪೆಕ್ಟರ್ ಸಾಕ್ಷ್ಯದ ಚೀಲದಿಂದ ಬಿಳಿಯ ಪೆಟ್ಟಿಗೆಯನ್ನು ಹೊರತೆಗೆದಳು. ಹಸಿರು ದೀಪ ಹೊತ್ತುವವರೆಗೆ ಕಾದಳು. ಕೆಂಪು ಗುಂಡಿಯನ್ನು ಒತ್ತಿದಳು.

ಮುಂದಿನ ಕೋಣೆಯ ಗಂಟೆ ಹೊಡೆಯಲಿಲ್ಲ.

ಸ್ಟೂಲಿನ ಮೇಲಿನ ಮೊಬೈಲು ಸದ್ದಿಲ್ಲದೆ ಬೆಳಗಿತು. ಕಪ್ಪು ಪರದೆಯ ನಡುವೆ ಒಂದು ಸಾಲು. ಎಲ್ಲರೂ ಬಗ್ಗಿ ಓದಿದರು.

ಅತ್ತೆ ಕರೆಯುತ್ತಿದ್ದಾರೆ.

ಯುವಕ ಕೈ ಚಾಚಿದ. ಹಿರಿಯ ಪೇದೆಯ ದಪ್ಪ ಅಂಗೈ ಅದಕ್ಕೂ ಮುಂಚೆ ಮೊಬೈಲಿನ ಮೇಲೆ ಕುಳಿತಿತ್ತು.

* * *

"ಬ್ಯಾಟರಿ ಕಿತ್ತಿದ್ದರೆ ಸುಲಭವಾಗ್ತಿತ್ತು," ಎಂದಳು ಇನ್‌ಸ್ಪೆಕ್ಟರ್. "ಆದರೆ ನಿಮ್ಮತ್ತೆ ಆಪರೇಟರ್. ದೀಪ ನೋಡದೆ ಕೈಗೆ ತಗೊಳ್ಳೋರಲ್ಲ. ದೀಪ ಹಸಿರಾಗೇ ಇರಬೇಕು, ಗಂಟೆ ಮಾತ್ರ ಹೊಡೀಬಾರದು. ಅದಕ್ಕೆ ಅತಿಥಿ ಜಾಲ. ಬೆಳಗ್ಗೆ ಅಕ್ಕನ ಕೈಯಿಂದಲೇ ಅದನ್ನ ಮಾಡಿಸಿಕೊಂಡಿರಿ. ಸಂಜೆ ಎಲ್ಲರೂ ಅಕ್ಕನ ಕಡೆ ಕೈ ತೋರಿಸ್ತಾರೆ ಅಂತ ಗೊತ್ತಿತ್ತು. ಆದರೆ ಗುಂಡಿ ಹೆಸರು ಕೇಳ್ತು. ನೀವು ಯೋಚನೆ ಮಾಡಲಿಲ್ಲ. ಬೆರಳಿಗೆ ಯಾವ ಮಾತು ಬಂತೋ ಅದನ್ನ ಹೊಡೆದಿರಿ."

ಯುವಕ ಮಹಡಿಯ ಮೆಟ್ಟಿಲ ಕಡೆ ನೋಡಿದ.

"ಆಮೇಲೆ ಫೋನಿನಿಂದ ಈ ಜೋಡಣೆಯನ್ನ ಅಳಿಸಬಹುದಿತ್ತು. ಅಳಿಸಿದರೆ ಗುಂಡಿಯ ದೀಪ ಕೆಂಪಾಗುತ್ತೆ, ಯಾರೋ ಕೈಯಾಡಿಸಿದ್ದು ಗೊತ್ತಾಗುತ್ತೆ. ಅದಕ್ಕೇ ಸದ್ದು ಮಾತ್ರ ಅಡಗಿಸಿದಿರಿ. ಯಾಕೆ ಮಾಡಿದಿರಿ?"

ಅಷ್ಟರಲ್ಲಿ ಮೇಲಿನ ಕೋಣೆಯನ್ನು ಜಾಲಾಡಿದ ಇನ್ನೊಬ್ಬ ಪೇದೆ ಒಂದು ರಟ್ಟಿನ ಡಬ್ಬಿ ಹಿಡಿದು ಇಳಿದು ಬಂದ. ಒಳಗೆ ಹಳೆಯ ಮೊಬೈಲುಗಳ ರಾಶಿ. ಅಡಿಯಲ್ಲಿ ಜಿರಳೆ ಔಷಧಿಯ ಡಬ್ಬ.

ಅದನ್ನು ಕಂಡದ್ದೇ ಯುವಕನ ಜೇನಿನ ದನಿ ಒಡೆಯಿತು.

"ಅವರ ಕಿವಿ… ಆಪರೇಟರ್ ಕಿವಿ, ಇನ್ನೂ ಚುರುಕಾಗಿತ್ತು. ನಾನು ಬ್ಯಾಂಕಿನವನ ದನಿಯಲ್ಲಿ ಮಾತಾಡೋದು ಕೇಳಿಸಿಕೊಂಡರು. ಒಂದು ದಿನ ಬ್ಯಾಂಕಿನವನು, ಒಂದು ದಿನ ಆಸ್ಪತ್ರೆಯವನು, ಒಂದು ದಿನ ಪೊಲೀಸು. ಫೋನ್ ಆ ಕಡೆ ಇರೋರೆಲ್ಲ ಒಂಟಿ ಮುದುಕರು, ನಂಬಿ ದುಡ್ಡು ಕಳಿಸೋರು. 'ದನಿ ಬದಲಾಯಿಸಿದರೆ ಉಸಿರು ಬದಲಾಗುತ್ತೇನೋ? ನೀನು ಉಸಿರು ಎಳೆಯೋ ರೀತಿ ನನಗೆ ಗೊತ್ತು' ಅಂದರು. ಆವತ್ತು ಬೆಳಗ್ಗೆ. 'ನನ್ನ ವಯಸ್ಸಿನವರಿಗೆ ನನ್ನ ತಲೆ ಮೇಲೇ ಕೂತು ಮೋಸ ಮಾಡ್ತೀಯ. ಸಂಜೆ ಭಾವ ಬರೋದ್ರೊಳಗೆ ನೀನೇ ಪೊಲೀಸರ ಹತ್ತಿರ ಹೋಗು. ಇಲ್ಲಾಂದ್ರೆ ನಾನು ಹೇಳ್ತೀನಿ' ಅಂದರು."

"ಗುಂಡಿ ಹೇಗೆ ಕೈಗೆ ಬಂತು?"

"ಕೇಳಿದೆ. ಹೊಸ ಜಾಲಕ್ಕೆ ಇದನ್ನ ಸೇರಿಸಬೇಕಂತೆ ಅಂದೆ. ತಾವೇ ಕೈಗೆ ಕೊಟ್ಟರು." ಅವನು ಬಿಕ್ಕಿದ. "ಅಷ್ಟು ಬೈದ ಮೇಲೂ ಕೊಟ್ಟರು. 'ಊಟ ಮಾಡ್ದೇನೋ' ಅಂತ ಬೇರೆ ಕೇಳಿದರು."

ಸೊಸೆ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು.

"ಭಾವ ಡ್ಯೂಟಿಗೆ ಹೋದ ಮೇಲೆ ಮತ್ತೆ ಬಂದೆ. ಅವರು ನಿದ್ದೆಯಲ್ಲಿದ್ದರು. ಪಂಪು ಬಿಚ್ಚಿ ಬಚ್ಚಲಲ್ಲಿ ಇಟ್ಟೆ. ಕಿಟಕಿ ಹಾಕಿದೆ. ಮಂಚದ ಕೆಳಗೆ ಔಷಧಿ ಹೊಡೆದು ಮೇಲೆ ಹೋದೆ. ಫೋನಿಗೆ ಬರುತ್ತೆ ಅಂತ ನನಗೆ ಗೊತ್ತಿರಲಿಲ್ಲ, ಸತ್ಯವಾಗಿಯೂ ಗೊತ್ತಿರಲಿಲ್ಲ. ಬೆಳಗ್ತಾ ಇತ್ತು. ಆರ್ತಿತ್ತು. ಮತ್ತೆ ಬೆಳಗ್ತಿತ್ತು. ಅತ್ತೆ ಕರೆಯುತ್ತಿದ್ದಾರೆ. ಅತ್ತೆ ಕರೆಯುತ್ತಿದ್ದಾರೆ…"

"ಏನು ಮಾಡಿದಿರಿ?"

"ಬೋರಲು ಹಾಕಿದೆ."

ಮಗ ಮುನ್ನುಗ್ಗಿದ. ಹಿರಿಯ ಪೇದೆ ಅವನನ್ನು ಸೊಂಟದಲ್ಲೇ ತಬ್ಬಿ ಹಿಡಿದ. ಹಿಡಿದ ಕೈಗಳೊಳಗೆ ಅವನು ಮೆಲ್ಲನೆ ಕುಸಿದ. ಅಳು ಬಹಳ ಹೊತ್ತಿನ ಮೇಲೆ ಹೊರಗೆ ಬಂತು.

* * *

ಜೀಪು ಯುವಕನನ್ನು ಕೂರಿಸಿಕೊಂಡು ಹೋಯಿತು. ಹಿರಿಯ ಪೇದೆ ಹಜಾರದಲ್ಲಿ ಹೊಸ ದೂರು ಬರೆಯಲು ಕುಳಿತ. ಇನ್‌ಸ್ಪೆಕ್ಟರ್ ಹಳೆಯ ವರದಿಯನ್ನು ಸೊಸೆಯ ಎದುರಿಗೇ ತೆರೆದು, ತಾನು ಬರೆದಿದ್ದ ಆ ಒಂದು ಪದದ ಮೇಲೆ ಅಡ್ಡಗೆರೆ ಎಳೆದಳು.

"ಕ್ಷಮಿಸಿ," ಎಂದಳು. "ನಿರ್ಲಕ್ಷ್ಯ ನನ್ನದು."

ಸೊಸೆ ಆ ಗೆರೆಯನ್ನೇ ನೋಡುತ್ತಿದ್ದಳು. "ಅತಿಥಿ ಜಾಲ ಮಾಡಿದ ಮೇಲೆ ನಾನು ಇನ್ನೊಂದು ಸಲ ಒತ್ತಿ ನೋಡಿದ್ದರೆ ಮೇಡಂ?"

"ಹೊಡೀತಿತ್ತು. ಅವನು ಗುಂಡಿ ಕೇಳಿ ತಗೊಂಡಿದ್ದು ಆಮೇಲೆ. ನೀವು ನೋಡಿದ್ದರೂ ಅಷ್ಟೇ, ನೋಡದಿದ್ದರೂ ಅಷ್ಟೇ."

"ಹೂಂ." ಅವಳು ವರದಿಯನ್ನು ಹಿಂದಕ್ಕೆ ಸರಿಸಿದಳು. "ಲೆಕ್ಕ ಸರಿಯಾಗಿದೆ. ಆದರೂ ಕೈ ಹೋಗಿ ಹೋಗಿ ಆ ಗುಂಡಿಯ ಮೇಲೇ ನಿಲ್ಲುತ್ತೆ."

ಹಿರಿಯ ಪೇದೆ ಗಂಟಲು ಸರಿಪಡಿಸಿಕೊಂಡ. "ದೂರು ಕೊಡೋರು ನೀವೇ ಅಲ್ಲವಾ ಅಮ್ಮ? ತೀರಿಕೊಂಡವರಿಗೆ ನೀವು ಏನಾಗಬೇಕು?"

"ಸೊಸೆ."

ಬಾಗಿಲಲ್ಲಿ ನಿಂತಿದ್ದ ಗಂಡ ಒಂದು ಹೆಜ್ಜೆ ಒಳಗಿಟ್ಟ. ಕಣ್ಣು ಕೆಂಪಗೆ ಊದಿತ್ತು. "ಮಗಳು ಅಂತ ಬರಕೊಳ್ಳಿ," ಎಂದ. "ಮಗಳೇ ಆಗಿದ್ದಳು."

ಸೊಸೆ ಅವನ ಕಡೆ ತಿರುಗಿದಳು. ಹೋಗು ಎಂದ ಮೇಲೆ ಅವನ ಮುಖವನ್ನು ನೇರವಾಗಿ ನೋಡಿದ್ದು ಅದೇ ಮೊದಲು.

"ಈಗ ಬೇಡ," ಎಂದಳು. "ಮೊನ್ನೆ ಅನ್ನಬೇಕಿತ್ತು."

ಅವನ ತಲೆ ತಗ್ಗಿತು. ಎತ್ತಲಿಲ್ಲ.

ಪೆನ್ನು ಕಾಗದದ ಮೇಲೆ ತೂಗಾಡುತ್ತಿತ್ತು. ಹಿರಿಯ ಪೇದೆ ಇಬ್ಬರನ್ನೂ ನೋಡಿ, ಕಡೆಗೆ ಇನ್‌ಸ್ಪೆಕ್ಟರಳ ಕಡೆ ತಿರುಗಿದ. "ಏನಂತ ಬರೀಲಿ ಮೇಡಂ?"

"ದೂರು ಕೊಡೋರು ಏನಂದರೋ ಅದನ್ನ," ಎಂದಳು ಇನ್‌ಸ್ಪೆಕ್ಟರ್. "ನಮ್ಮದೊಂದು ಪದ ಸೇರಿಸಬೇಡ."